ಮಿಲ್ಟ್ರಿ ಸಾರ್ ಕ್ಯಾಸೆಟ್‌ಗಳನ್ನ ಗುಜರಿಗೆ ಹೋಗೋಕೆ ಬಿಡ್ಬೇಡಿ: ಮಂಡ್ಯ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಹಾಗೇ ಮಂಡ್ಯ ಜಿಲ್ಲೆಯ ಸಮಸ್ತ ಜನಕ್ಕೆ,

ನಮಸ್ಕಾರ ಸಾರ್. ಸುತ್ತಿ ಬಳಸಿ ಹೇಳೋದಿಲ್ಲ. ಕಲ್ಲಹಳ್ಳಿ ಕಡೆ ಒಂದು ಹಳೇ ಮನೇಲಿ ಮೂರು ಕಬ್ಬಿಣದ ಬೀರು ತುಂಬ ವಿಡಿಯೋ ಕ್ಯಾಸೆಟ್ ಇದಾವೆ. 1992ರಿಂದ ಸುಮಾರು ಇಪ್ಪತ್ತೈದು ವರ್ಷ ಮಂಡ್ಯದಲ್ಲಿ ಏನೇನಾಯ್ತೋ ಅದೆಲ್ಲಾ ಅದ್ರೊಳಗಿದೆ. ಅದನ್ನ ಶೂಟ್ ಮಾಡಿ, ಲೇಬಲ್ ಬರ್ದು, ಜೋಡಿಸಿಟ್ಟ ಮಿಲ್ಟ್ರಿ ಸಾರ್, ಸೈನ್ಯದಿಂದ ರಿಟೈರ್ ಆಗಿ ಬಂದು ಲೋಕಲ್ ಕೇಬಲ್‌ನಲ್ಲಿ ಸುದ್ದಿ ಓದ್ತಿದ್ದೋರು, ಹೋದ ತಿಂಗಳು ತೀರ್ಕೊಂಡ್ರು. ಮಕ್ಕಳು ಬೆಂಗಳೂರಲ್ಲಿ ಕೆಲಸದಲ್ಲಿದಾರೆ, ಅಮ್ಮನ್ನ ಜೊತೆಗೆ ಕರ್ಕೊಂಡ್ ಹೋಗ್ತಿದಾರೆ, ಮನೆ ಖಾಲಿ ಮಾಡ್ಬೇಕು, ಗುಜರಿಯೋರು ಒಬ್ರು ಬಂದು ಬೀರುಗಳಿಗೆ ರೇಟ್ ಹೇಳಿ ಹೋಗಿದಾರೆ, ಒಳಗಿರೋ ಕ್ಯಾಸೆಟ್ ಅವ್ರಿಗೂ ಬೇಡವಂತೆ. ಅದಕ್ಕೇ ಬರೀತಿದೀನಿ. ನಿಮಗೊಬ್ರಿಗೇ ಬರೀದೆ ಎಲ್ರ ಮುಂದೆ ಯಾಕೆ ಬರೀತಿದೀನಿ ಅಂದ್ರೆ ಆ ಕ್ಯಾಸೆಟ್ ಒಳಗಿರೋದು ಇದನ್ನ ಓದ್ತಿರೋ ಎಷ್ಟೋ ಜನರ ಅಪ್ಪ, ಅಮ್ಮ, ತಾತಂದಿರ ಮುಖ.

ನಲವತ್ತು ದಾಟಿದ ಮಂಡ್ಯದೋರಿಗೆ ಮಿಲ್ಟ್ರಿ ಸಾರ್ ಅಂದ್ರೆ ಸಾಕು, ಹೆಸರು ಬೇಕಾಗಿಲ್ಲ. ಮನೆಯವ್ರೂ ಹೆಸರು ಹಾಕೋದು ಬೇಡ ಅಂದಿದಾರೆ. ರಾತ್ರಿ ಏಳೂವರೆಗೆ ಲೋಕಲ್ ಕೇಬಲ್‌ನಲ್ಲಿ ನೀಲಿ ಪರದೆ ಮುಂದೆ, ಇಸ್ತ್ರಿ ಮಾಡಿದ ಬಿಳಿ ಶರ್ಟು, ಕತ್ತರಿಸಿ ಓರಣ ಮಾಡಿದ ಮೀಸೆ, ಕೈಯಲ್ಲಿ ಒಂದು ಪ್ಯಾಡು ಹಿಡ್ಕೊಂಡು ಕೂತಿರೋರು. "ಮಂಡ್ಯದ ಎಲ್ಲಾ ಮನೆಗಳಿಗೂ ನಮಸ್ಕಾರ" ಅಂತ ಶುರು ಮಾಡಿ ಮೊದಲು ಕೆಆರ್‌ಎಸ್ ನೀರಿನ ಮಟ್ಟ ಹೇಳಿ ಆಮೇಲೇ ಮಿಕ್ಕಿದ್ದು. ಅವ್ರು ನಿಧಾನಕ್ಕೆ ಓದೋರು, ಯಾವತ್ತೂ ಗಂಟಲು ಏರಿಸಿದ್ದಿಲ್ಲ. ಈಗಿನ ಟೀವಿ ಚರ್ಚೆ ನೋಡೋವಾಗೆಲ್ಲಾ ನನಗೆ ಅವರ ಆ ದನಿ ಜ್ಞಾಪಕ ಬರತ್ತೆ.

ಅವ್ರು 1968ರಲ್ಲಿ ಸೈನ್ಯ ಸೇರಿದ್ದು, ಸಿಗ್ನಲ್ಸ್ ಕೋರ್, ಟ್ರೈನಿಂಗ್ ಜಬಲ್‌ಪುರದಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿ ಮನೇಲಿ ಕಬ್ಬು ಕಡಿಯೋಕೆ ಹೋಗ್ತಿದ್ದ ಹುಡುಗ, ಹಿಂದಿ ಒಂದಕ್ಷರ ಬರ್ತಿರ್ಲಿಲ್ಲ. ಸಿಗ್ನಲ್ಸ್ ಅಂದ್ರೆ ಸೈನ್ಯದ ಫೋನು, ವೈರ್‌ಲೆಸ್ಸು, ಸಂದೇಶ ಎಲ್ಲಾ ನೋಡ್ಕೊಳ್ಳೋ ವಿಭಾಗ, ಅವರ ಧ್ಯೇಯವಾಕ್ಯ ತೀವ್ರ ಚೌಕಸ್. 1971ರ ಯುದ್ಧದಲ್ಲಿ ಇವ್ರು ಪಾಕಿಸ್ತಾನ ಗಡಿಯ ಶಕರ್‌ಗಢ ಕಡೆ ಲೈನ್‌ಮನ್. ಹಗಲು ಶೆಲ್ ಬಿದ್ದು ಫೋನ್ ವೈರು ತುಂಡಾಗತ್ತೆ, ರಾತ್ರಿ ಇಬ್ಬರು ಹೋಗಿ ಕತ್ತಲಲ್ಲಿ ವೈರನ್ನ ಕೈಯಲ್ಲಿ ಸವರ್ತಾ ಸವರ್ತಾ ಎಲ್ಲಿ ಕಟ್ ಆಗಿದೆ ಹುಡುಕಿ ಜೋಡಿಸಿ ಬರ್ಬೇಕು, ಟಾರ್ಚ್ ಹಾಕೋ ಹಾಗಿಲ್ಲ. ಅದೇ ಸೆಕ್ಟರ್‌ನಲ್ಲಿ ಬಸಂತರ್ ನದಿ ಹತ್ರ ಡಿಸೆಂಬರ್ 16ಕ್ಕೆ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್ಪಾಲ್ ಉರೀತಿದ್ದ ಟ್ಯಾಂಕ್ ಬಿಟ್ಟು ಬರಲ್ಲ, ನನ್ನ ಗನ್ ಇನ್ನೂ ಕೆಲಸ ಮಾಡ್ತಿದೆ ಅಂತ ವೈರ್‌ಲೆಸ್‌ನಲ್ಲಿ ಹೇಳಿ ಹೋರಾಡ್ತಾನೇ ಪ್ರಾಣ ಕೊಟ್ಟಿದ್ದು, 21 ವರ್ಷ ವಯಸ್ಸು, ಪರಮವೀರ ಚಕ್ರ ಬಂತು. ಸಾರ್‌ಗೆ ಆಗ ಹೆಚ್ಚೂಕಮ್ಮಿ ಅದೇ ವಯಸ್ಸು. ಅವ್ರು ತಮ್ಮ ಬಗ್ಗೆ ಹೇಳ್ಕೊಂಡಿದ್ದು ಬಹಳ ಕಡ್ಮೆ, ಆದ್ರೆ ಖೇತರ್ಪಾಲ್ ಕತೆ ಮಾತ್ರ ಪ್ರತಿ ಡಿಸೆಂಬರ್‌ನಲ್ಲೂ ಚಾನೆಲ್‌ನಲ್ಲಿ ಹೇಳೋರು, ಆ ಮಾತು ನಮಗೆ ತಲುಪಿದ್ದು ಒಂದು ವೈರ್‌ಲೆಸ್ ಸೆಟ್ಟಿನಿಂದ, ಸೆಟ್ಟು ಕೆಟ್ಟಿದ್ರೆ ಅವನು ಏನಂದ ಅಂತ ಯಾರಿಗೂ ಗೊತ್ತಾಗ್ತಿರ್ಲಿಲ್ಲ ಅನ್ನೋರು. ಅವ್ರು ಯಾಕೆ ಮುಂದೆ ಕ್ಯಾಮೆರಾ ಹಿಡಿದ್ರು ಅಂತ ಯಾರಾದ್ರೂ ಕೇಳಿದ್ರೆ ನಾನು ಇದನ್ನೇ ಹೇಳ್ತೀನಿ.

ನಾಯಬ್ ಸುಬೇದಾರ್ ಆಗಿ ರಿಟೈರ್ ಆಗಿ 1988ರಲ್ಲಿ ಊರಿಗೆ ಬಂದ್ರು. ಪಿಂಚಣಿ ಬರ್ತಿತ್ತು, ಯಾವ್ದೋ ಬ್ಯಾಂಕ್‌ನಲ್ಲಿ ಸೆಕ್ಯೂರಿಟಿ ಕೆಲಸ ಸಿಗ್ತಿತ್ತು, ಹಂಗೇ ಇದ್ದುಬಿಡ್ಬೋದಿತ್ತು. ಆಗ 1991ರ ಗಲ್ಫ್ ಯುದ್ಧ ಆಗಿ ಊರೂರಲ್ಲಿ ಡಿಶ್ ಆಂಟೆನಾ ಏಳೋಕೆ ಶುರುವಾಗಿದ್ದ ಕಾಲ, ಮಂಡ್ಯದಲ್ಲೂ ಕೇಬಲ್ ಎಳೆಯೋರು ಬಂದ್ರು, ಕಂಬದಿಂದ ಕಂಬಕ್ಕೆ, ತೆಂಗಿನ ಮರದಿಂದ ಮಾಳಿಗೆಗೆ. ಸಂಜೆ ಒಂದು ಸಿನಿಮಾ ಕ್ಯಾಸೆಟ್ ಹಾಕ್ತಿದ್ರು, ಅಷ್ಟೇ ಲೋಕಲ್ ಚಾನೆಲ್. ಇವ್ರು ಕೇಬಲ್ ಆಪರೇಟರ್ ಹತ್ರ ಹೋಗಿ, ಲೈನ್ ಎಳೆಯೋದು ಕಲ್ಸಿಕೊಡ್ತೀನಿ, ಬದಲಿಗೆ ನನಗೆ ದಿನಾ ಅರ್ಧ ಗಂಟೆ ಕೊಡು ಅಂದ್ರಂತೆ. ಪಿಂಚಣಿ ದುಡ್ಡು ಕೂಡಿಸಿ ಒಂದು ಸೆಕೆಂಡ್ ಹ್ಯಾಂಡ್ ವಿಎಚ್‌ಎಸ್ ಕ್ಯಾಮೆರಾ ತಗೊಂಡ್ರು, ಮದುವೆ ಮನೇಲಿ ಹೆಗಲ ಮೇಲೆ ಹೊತ್ಕೊಂಡು ತಿರುಗ್ತಿದ್ರಲ್ಲ ಆ ಥರದ್ದು. ಗುತ್ತಲು ರಸ್ತೇಲಿ ಒಂದು ಅಂಗಡಿ ಮೇಲಿನ ರೂಮು ಸ್ಟುಡಿಯೋ. ಸುದ್ದಿ ರೆಕಾರ್ಡ್ ಮಾಡಿ ಕ್ಯಾಸೆಟ್ಟನ್ನ ಟಿವಿಎಸ್ 50ಯಲ್ಲಿ ಕಂಟ್ರೋಲ್ ರೂಮಿಗೆ ತಗೊಂಡ್ ಹೋಗಿ ಕೊಡೋರು, ಮಳೆ ಬರ್ಲಿ, ಬಂದ್ ಇರ್ಲಿ, ಏಳೂವರೆ ಅಂದ್ರೆ ಏಳೂವರೆ.

ನಾನು ಡಿಗ್ರಿ ಓದ್ತಿದ್ದಾಗ ಅಲ್ಲಿ ಸುದ್ದಿ ಓದೋಕೆ ಸೇರ್ಕೊಂಡೆ. ಮೊದಲನೇ ದಿನ ನನ್ನ ಕೈಗೆ ಮೈಕ್ ಕೊಡ್ಲಿಲ್ಲ, ಫೋನ್ ಕೊಟ್ರು. ಒಂದು ಸಾವಿನ ಸುದ್ದಿ ಬಂದಿತ್ತು, ತೀರ್ಕೊಂಡೋರ ಹೆಸರು, ತಂದೆ ಹೆಸರು, ಊರು, ವಯಸ್ಸು ನಾಲ್ಕನ್ನೂ ಫೋನ್ ಮಾಡಿದೋರಿಗೇ ವಾಪಸ್ ಓದಿ ಹೇಳಿ ಸರಿ ಅನ್ನಿಸ್ಕೋಬೇಕು, ಅಷ್ಟಾದ್ಮೇಲೆ ಮನೆಯವರಲ್ಲಿ ಇನ್ನೊಬ್ರ ಹತ್ರ ಕೇಳ್ಬೇಕು. ವೈರ್‌ಲೆಸ್‌ನಲ್ಲಿ ಬಂದ ಮೆಸೇಜನ್ನ ಬಂದಂಗೇ ತಿರುಗಿ ಓದಿ ಒಪ್ಪಿಸೋದು ಅವರಿಗೆ ಇಪ್ಪತ್ತು ವರ್ಷದ ಅಭ್ಯಾಸ. "ಒಂದು ಇನಿಷಿಯಲ್ ತಪ್ಪಾದ್ರೆ ಬದುಕಿರೋನ ಮನೇಲಿ ಬಾಯಿ ಬಡ್ಕೋತಾರೆ ಕಣವ್ವ" ಅಂದ್ರು. ಇನ್ನೊಂದು ಹೇಳಿದ್ದು, ಸಾವಿನ ಸುದ್ದಿ ಓದಿದ ತಕ್ಷಣ ಮುಂದಿನ ಸುದ್ದಿಗೆ ಹಾರ್ಬೇಡ, ಒಂದು ಉಸಿರು ಬಿಟ್ಟು ಆಮೇಲೆ ಪೇಜ್ ತಿರುಗ್ಸು. ಈಗ ನಾನು ಹೈಸ್ಕೂಲ್ ಮೇಡಂ, ಮಕ್ಕಳಿಗೆ ಪಾಠ ಓದಿಸೋವಾಗ್ಲೂ ಅದನ್ನೇ ಹೇಳ್ಕೊಡ್ತೀನಿ.

1999ರ ಕಾರ್ಗಿಲ್ ಸಮಯದಲ್ಲಿ ಅವ್ರು ಮಾಡಿದ ಕೆಲಸ ಈ ಜಿಲ್ಲೆಗೆ ಗೊತ್ತಿರ್ಬೇಕು ಸಾರ್. ಆಗ ಮೊಬೈಲ್ ಇಲ್ಲ, ಹಳ್ಳೀಲಿ ಹುಡುಗ ಎಲ್ಲಿದಾನೆ ಅಂತ ತಾಯಿಗೆ ಗೊತ್ತಿಲ್ಲ, ಟೀವೀಲಿ ದ್ರಾಸ್, ಬಟಾಲಿಕ್, ತೋಲೋಲಿಂಗ್ ಅಂತ ಹೆಸರುಗಳು ಬರ್ತಿವೆ, ಯಾವ್ದು ಎಲ್ಲಿದೆ ಯಾರಿಗೂ ತಿಳೀತಿಲ್ಲ. ಇವ್ರು ಸ್ಕೂಲಿಂದ ಒಂದು ಕರೀ ಬೋರ್ಡ್ ತಂದು ಸ್ಟುಡಿಯೋದಲ್ಲಿ ನಿಲ್ಸಿ, ಸೀಮೇಸುಣ್ಣದಲ್ಲಿ ಶ್ರೀನಗರ-ಲೇಹ್ ರಸ್ತೆ ಬರ್ದು, ಶತ್ರು ಮೇಲೆ ಇಲ್ಲಿ ಕೂತಿದಾನೆ, ನಮ್ಮೋರು ಕೆಳಗಿನಿಂದ ಹತ್ತಬೇಕು, ಗಡಿ ನಿಯಂತ್ರಣ ರೇಖೆ ದಾಟಬಾರ್ದು ಅಂತ ಆರ್ಡರ್ ಇದೆ, ಅದಕ್ಕೇ ಇಷ್ಟು ಕಷ್ಟ ಅಂತ ದಿನಾ ಹತ್ತು ನಿಮಿಷ ಹೇಳೋರು. ಜೂನ್ 13ಕ್ಕೆ ತೋಲೋಲಿಂಗ್ ನಮ್ಮ ಕೈಗೆ ಬಂದಾಗ ಆ ಜಾಗಕ್ಕೆ ಒಂದು ಸಣ್ಣ ಬಾವುಟ ಬರೆದ್ರು, ಜುಲೈ 4ಕ್ಕೆ ಟೈಗರ್ ಹಿಲ್ ಬಂದಾಗ ಇನ್ನೊಂದು. ಸ್ಟುಡಿಯೋ ಮೆಟ್ಟಿಲ ಮೇಲೆ ಸೈನಿಕರ ಅಪ್ಪ ಅಮ್ಮಂದಿರು ಬಂದು ಕೂತಿರೋರು, ಮಗನ ಕಾಗದ ತಂದು ಅದ್ರ ಮೇಲಿರೋ ನಂಬರ್ ತೋರ್ಸಿ ಇದು ಎಲ್ಲಿ ಬರತ್ತೆ ಸಾಹೇಬ್ರೇ ಅಂತ ಕೇಳೋರು. ಅದು ಸೈನ್ಯದ ಅಂಚೆ ನಂಬರ್, ಜಾಗ ಹೇಳಲ್ಲ, ಹೇಳ್ಬಾರ್ದು ಕೂಡ, ಅದನ್ನೇ ಸಮಾಧಾನವಾಗಿ ಒಬ್ಬೊಬ್ರಿಗೂ ತಿಳ್ಸೋರು, ಸಾರ್ ಹೆಂಡತಿ, ನಮ್ಮ ಅಮ್ಮ, ಒಳಗಿಂದ ಕಾಫಿ ಮಾಡಿ ಕಳ್ಸೋರು.

ಒಂದು ಸಂಜೆ ಆರೂವರೆ ಹೊತ್ತಿಗೆ ಫೋನ್ ಬಂತು, ನಮ್ಮೂರ ಹುಡುಗ ಕಾರ್ಗಿಲ್‌ನಲ್ಲಿ ಹೋಗ್ಬಿಟ್ಟ, ನ್ಯೂಸ್‌ನಲ್ಲಿ ಹಾಕಿ ಅಂತ. ಹೆಸರು, ಊರು ಎಲ್ಲಾ ಹೇಳಿದ್ರು. ರೂಮಲ್ಲಿದ್ದ ನಾವೆಲ್ಲಾ ಹಾಕೋಣ ಸಾರ್ ಅಂದ್ವಿ. ಅವ್ರು ಮನೆಗೆ ಸೈನ್ಯದಿಂದ ತಂತಿ ಬಂದಿದ್ಯಾ ಅಂತ ಕೇಳಿದ್ರು, ಇಲ್ಲ ಅಂದಾಗ ಪೆನ್ನು ಕೆಳಗಿಟ್ರು. ಅವತ್ತು ಸುದ್ದಿ ಹಾಕ್ಲಿಲ್ಲ, ಮಾರನೇ ದಿನಾನೂ ಹಾಕ್ಲಿಲ್ಲ, ಜನ ಬಂದು ಜೋರು ಮಾಡಿದ್ರು, ಮಂಡ್ಯದ ಹುಡುಗನ ಬಲಿದಾನಕ್ಕೆ ಬೆಲೆ ಇಲ್ವಾ ಅಂತ ಮಾತಾಡಿದ್ರು, ಇವ್ರು ನಿಂತ್ಕೊಂಡು ಕೇಳಿಸ್ಕೊಂಡ್ರು. ಆಮೇಲೆ ಗೊತ್ತಾಯ್ತು, ಹುಡುಗನಿಗೆ ಕಾಲಿಗೆ ಗಾಯ ಆಗಿ ಶ್ರೀನಗರದ ಆಸ್ಪತ್ರೇಲಿದ್ದ. ಆ ಯುದ್ಧದಲ್ಲಿ ದೇಶ 527 ಜನ ಸೈನಿಕರನ್ನ ಕಳ್ಕೊಂಡಿತು, ಇವನು ಅದ್ರಲ್ಲಿ ಒಬ್ಬನಾಗಿರ್ಲಿಲ್ಲ. ಅವನ ತಾಯಿ ಆ ಎರಡು ದಿನ ಟೀವೀಲಿ ಮಗನ ಫೋಟೋ ನೋಡ್ಲಿಲ್ಲ, ಅದಕ್ಕೆ ಕಾರಣ ಈ ಒಬ್ಬ ಮನುಷ್ಯ. ಸಾರ್ ತೀರ್ಕೊಂಡ ದಿನ ಆ ಹುಡುಗ, ಈಗ ತಲೆ ನರೆತಿದೆ, ಮೆಡಲ್ ಹಾಕ್ಕೊಂಡು ಬಂದು ಸೆಲ್ಯೂಟ್ ಹೊಡೆದು ನಿಂತಿದ್ರು, ತುಂಬಾ ಹೊತ್ತು ಕೈ ಇಳಿಸ್ಲಿಲ್ಲ.

ಇನ್ನು ಕಾವೇರಿ. ನಮ್ಮ ಜಿಲ್ಲೇಲಿ ನೀರಿನ ಸುದ್ದಿ ಓದೋದು ಅಂದ್ರೆ ಬೆಂಕಿ ಪಕ್ಕ ಕೂತು ಮಾತಾಡಿದ ಹಾಗೆ. ಇವ್ರು ಬೆಳಗ್ಗೇನೇ ಲ್ಯಾಂಡ್‌ಲೈನ್‌ನಲ್ಲಿ ಕೆಆರ್‌ಎಸ್ ಮಟ್ಟ, ಒಳಹರಿವು, ಹೊರಹರಿವು ಕೇಳಿ ಬರ್ಕೊಳ್ಳೋರು, ಗರಿಷ್ಠ 124.80 ಅಡಿ, ಇವತ್ತು ಇಷ್ಟು, ಹೋದ ವರ್ಷ ಇದೇ ದಿನ ಇಷ್ಟು. 2016ರ ಸೆಪ್ಟೆಂಬರ್ 5ಕ್ಕೆ ಸುಪ್ರೀಂ ಕೋರ್ಟ್ ಹತ್ತು ದಿನ ದಿನಕ್ಕೆ 15,000 ಕ್ಯೂಸೆಕ್ ಬಿಡಿ ಅಂದಾಗ ಸಂಜಯ ಸರ್ಕಲ್‌ನಲ್ಲಿ ಟೈರ್ ಉರೀತಿತ್ತು, ಒಬ್ಬೊಬ್ರು ಒಂದೊಂದು ಲೆಕ್ಕ ಹೇಳ್ತಿದ್ರು. ಇವ್ರು ಪ್ಯಾಡ್ ಮೇಲೆ ಬರ್ದು ಕ್ಯಾಮೆರಾಗೆ ತೋರ್ಸಿದ್ರು: ಒಂದು ದಿನ ಪೂರ್ತಿ 11,574 ಕ್ಯೂಸೆಕ್ ಹರಿದ್ರೆ ಒಂದು ಟಿಎಂಸಿ (ನೂರು ಕೋಟಿ ಘನ ಅಡಿ), ಹಾಗಾದ್ರೆ 15,000 ಅಂದ್ರೆ ದಿನಕ್ಕೆ ಹತ್ರಹತ್ರ 1.3 ಟಿಎಂಸಿ, ಹತ್ತು ದಿನಕ್ಕೆ 13. ನಮ್ಮ ಅಣೆಕಟ್ಟು ತುಂಬಿದಾಗ ಹಿಡಿಯೋದೇ 49 ಚಿಲ್ಲರೆ. ಈಗ ನೀವೇ ನೋಡಿ ನಮ್ಮ ಬೆಳೆಗೆ ಏನು ಉಳಿಯತ್ತೆ ಅಂದ್ರು. ಕೋಪ ಅವರಿಗೂ ಇತ್ತು, ಅವರದ್ದೂ ನಾಲೆ ಕೆಳಗಿನ ಜಮೀನೇ, ಆದ್ರೆ ನಮ್ಮ ಬೀದೀಲಿರೋ ತಮಿಳು ಮಾತಾಡೋ ಮನೆಯೋರಿಗೂ ಆ ನೀರಿಗೂ ಸಂಬಂಧ ಇಲ್ಲ, ಅವರೂ ಇದೇ ನೀರು ಕುಡಿಯೋರು ಅಂತ ಅದೇ ಬುಲೆಟಿನ್‌ನಲ್ಲಿ ಹೇಳಿದ್ರು. ಹೋರಾಟದ ಬಿಸಿ ಇರೋವಾಗ ಮಂಡ್ಯದಲ್ಲಿ ಕೂತು ಆ ಮಾತು ಹೇಳೋಕೆ ಎಷ್ಟು ಗಟ್ಟಿ ಎದೆ ಬೇಕು ಅಂತ ಇಲ್ಲಿನೋರಿಗೆ ನಾನು ಹೇಳ್ಬೇಕಾಗಿಲ್ಲ.

ಅಷ್ಟರಲ್ಲಿ ಸೆಟ್ ಟಾಪ್ ಬಾಕ್ಸ್ ಬಂದಿತ್ತು, ಹೊಸ ಮಷೀನು, ಹೊಸ ಖರ್ಚು, 2017ರಲ್ಲಿ ಚಾನೆಲ್ ನಿಲ್ಸಿದ್ರು. ಆದ್ರೂ 2018ರ ನವೆಂಬರ್ 24ಕ್ಕೆ ಕನಗನಮರಡಿಯಲ್ಲಿ ವಿಸಿ (ವಿಶ್ವೇಶ್ವರಯ್ಯ) ನಾಲೆಗೆ ಬಸ್ ಬಿದ್ದು 30 ಜನ ಹೋದ ದಿನ ಅವ್ರು ಕ್ಯಾಮೆರಾ ತಗೊಂಡ್ ಹೋಗಿದ್ರು. ಶನಿವಾರ, ಅರ್ಧ ದಿನ ಸ್ಕೂಲ್ ಮುಗಿಸಿ ಬರ್ತಿದ್ದ ಮಕ್ಕಳಿದ್ರು ಅದ್ರಲ್ಲಿ. ಆ ಟೇಪ್ ನನಗೆ ಒಂದ್ಸಲ ಹಾಕಿ ತೋರ್ಸಿದ್ರು. ಸತ್ತೋರ ಮುಖ ಒಂದೂ ಇಲ್ಲ. ಏರಿ ಮೇಲೆ ಸಾಲಾಗಿ ಇಟ್ಟಿದ್ದ ಒದ್ದೆ ಬ್ಯಾಗುಗಳು, ಹಗ್ಗ ಹಿಡಿದು ನೀರಿಗಿಳಿದ ಊರಿನ ಹುಡುಗರು, ಆಮೇಲೆ ನಾಲೆ ಅಂಚು ಉದ್ದಕ್ಕೂ ನಿಧಾನವಾಗಿ ಕ್ಯಾಮೆರಾ ಹೋಗತ್ತೆ, ಹೋಗ್ತಾನೇ ಇರತ್ತೆ, ಎಲ್ಲೂ ತಡೆಗೋಡೆ ಇಲ್ಲ. ಅವತ್ತು ರಾತ್ರಿ ಅಂಬರೀಶಣ್ಣ ಹೋದ್ರು, ಇಡೀ ರಾಜ್ಯದ ಕ್ಯಾಮೆರಾ ಆ ಕಡೆ ತಿರುಗ್ತು, ಜಿಲ್ಲೆಗೆ ಎರಡು ಸಾವಿನ ಮನೆ ಒಂದೇ ದಿನ. ಸಾರ್ ಸ್ಟೇಡಿಯಂಗೂ ಹೋಗಿ ಅಂಬರೀಶಣ್ಣನ ಅಂತಿಮ ದರ್ಶನದ ಕ್ಯೂ ಶೂಟ್ ಮಾಡಿದ್ರು, ಆದ್ರೆ ಮತ್ತೆ ಕನಗನಮರಡಿಗೇ ಹೋದ್ರು. ಯಾಕೆ ಸಾರ್, ಚಾನೆಲ್ಲೇ ಇಲ್ವಲ್ಲ ಅಂದಿದ್ದಕ್ಕೆ, ಇವತ್ತಲ್ಲ ನಾಳೆ ಯಾರಾದ್ರೂ ಗೋಡೆ ಇತ್ತಾ ಇರ್ಲಿಲ್ವಾ ಅಂತ ಕೇಳ್ತಾರೆ, ಆಗ ಉತ್ತರ ಇರ್ಬೇಕಲ್ಲವ್ವ ಅಂದ್ರು. 2023ರಲ್ಲೂ ಅದೇ ವಿಸಿ ನಾಲೆಗೆ ಕಾರು ಬಿದ್ದು ಜನ ಸತ್ರು.

ಸಾರ್, ಆ ಬೀರುಗಳಲ್ಲಿ 1994ರ ಮಂಡ್ಯ ಸಾಹಿತ್ಯ ಸಮ್ಮೇಳನ ಇದೆ, ಚದುರಂಗರು ಅಧ್ಯಕ್ಷರಾಗಿದ್ದು, ಮೆರವಣಿಗೇಲಿ ನಿಂತಿದ್ದ ಜನರ ಸಮೇತ. 2002ರ ಅಕ್ಟೋಬರ್‌ನಲ್ಲಿ ಮುಖ್ಯಮಂತ್ರಿ ಆಗಿದ್ದ ಎಸ್.ಎಂ. ಕೃಷ್ಣ ಅವ್ರು ಕಾವೇರಿಗಾಗಿ ಪಾದಯಾತ್ರೆ ಬಂದಿದ್ದು ಇದೆ. ಕಾವೇರಿ ಹೋರಾಟದ ನಾಯಕ ಜಿ. ಮಾದೇಗೌಡರ ಭಾಷಣಗಳಿವೆ. ಮೈಷುಗರ್ ಸಕ್ಕರೆ ಕಾರ್ಖಾನೆ ಮುಂದೆ ಕಬ್ಬಿನ ಗಾಡಿಗಳು ಮೈಲಿಗಟ್ಲೆ ನಿಂತಿದ್ದ ರಾತ್ರಿಗಳಿವೆ, ಗಾಡಿ ಕೆಳಗೆ ಮಲಗಿದ್ದ ರೈತರ ಜೊತೆ ಮಾತಾಡಿದ್ದು. ಹಳ್ಳಿ ಹಬ್ಬ, ಕೊಂಡ, ಸೋಬಾನೆ ಹೇಳೋ ಅಜ್ಜಿಯರು, ಅವರಲ್ಲಿ ಈಗ ಬಹುಪಾಲು ಯಾರೂ ಇಲ್ಲ, ಹಾಡೂ ಇಲ್ಲ. ಪ್ರತಿ ಕ್ಯಾಸೆಟ್ ಬೆನ್ನ ಮೇಲೂ ಸೈನ್ಯದ ಮೆಸೇಜ್ ಫಾರಂನಲ್ಲಿ ಬರೆಯೋ ಹಾಗೆ ಆರು ಅಂಕಿ, ಮೊದಲೆರಡು ತಾರೀಖು, ಮಿಕ್ಕ ನಾಲ್ಕು ಟೈಮು: 131930 ಜೂನ್ 99 ಅಂದ್ರೆ ಜೂನ್ 13ರ ರಾತ್ರಿ ಏಳೂವರೆ ಬುಲೆಟಿನ್. ಅದಕ್ಕೆ ಸರಿಯಾಗಿ ಹಸಿರು ರಟ್ಟಿನ ಲಾಗ್ ಪುಸ್ತಕಗಳು, ಯಾರು, ಎಲ್ಲಿ, ಎಷ್ಟನೇ ನಿಮಿಷದಲ್ಲಿ ಅಂತ. ಇಷ್ಟು ಅಚ್ಚುಕಟ್ಟಾದ ದಾಖಲೆ ಯಾವ ಜಿಲ್ಲೇಲಿದೆ ಹೇಳಿ.

1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ನಮ್ಮೋರು ಧ್ವಜ ಸತ್ಯಾಗ್ರಹ ಮಾಡಿದ್ರು, ನಾವು ಅದಕ್ಕೆ ಸೌಧ ಕಟ್ಟಿದೀವಿ, ಮಕ್ಕಳನ್ನ ಕರ್ಕೊಂಡ್ ಹೋಗಿ ತೋರಿಸ್ತೀವಿ. ಮಕ್ಕಳು ನನ್ನ ಕೇಳೋದು ಒಂದೇ, ಮಿಸ್ ಅದ್ರ ವಿಡಿಯೋ ಇಲ್ವಾ ಅಂತ. ಆಗಿನ ಕಾಲಕ್ಕೆ ಕ್ಯಾಮೆರಾ ಇಟ್ಕೊಂಡು ಅಲ್ಲಿ ನಿಲ್ಲೋ ನಮ್ಮ ಊರಿನೋನು ಯಾರಿದ್ದ. ಮಿಲ್ಟ್ರಿ ಸಾರ್ ಕಾಲಕ್ಕೆ ಒಬ್ಬರಿದ್ರು, ಸ್ವಂತ ಪಿಂಚಣಿ ಹಾಕಿ ನಿಂತಿದ್ರು, ಅದನ್ನ ನಾವು ಕೈಯಾರೆ ಕಳ್ಕೊಂಡ್ರೆ ಮುಂದಿನ ಮಕ್ಕಳಿಗೆ ಏನ್ ಹೇಳ್ಲಿ.

ಅರ್ಜೆಂಟ್ ಯಾಕೆ ಅಂದ್ರೆ ಈ ಟೇಪ್‌ಗಳಿಗೆ ಆಯಸ್ಸಿದೆ. ಪ್ಲಾಸ್ಟಿಕ್ ಪಟ್ಟಿ ಮೇಲೆ ಅಯಸ್ಕಾಂತದ ಪುಡೀನ ಹಿಡಿದಿಟ್ಟಿರೋ ಅಂಟು ವರ್ಷಗಟ್ಲೆ ತೇವ ಹೀರಿ ಮೆತ್ತಗಾಗತ್ತೆ, ಆಮೇಲೆ ಪ್ಲೇ ಮಾಡಿದ್ರೆ ಚಿತ್ರಾನೇ ಉದುರಿ ಹೋಗತ್ತೆ. ಕೆಲವು ಕ್ಯಾಸೆಟ್ ಒಳಗೆ ಆಗ್ಲೇ ಬಿಳೀ ಬೂಷ್ಟು ಕಾಣಿಸ್ತಿದೆ, ಅದನ್ನ ಕ್ಲೀನ್ ಮಾಡ್ದೇ ಯಾರೂ ವಿಸಿಆರ್‌ಗೆ ಹಾಕ್ಬಾರ್ದು, ಹಾಕಿದ್ರೆ ಮಷೀನಿಗೂ ಅಂಟಿ ಮುಂದಿನ ಕ್ಯಾಸೆಟ್‌ಗೂ ಹರಡತ್ತೆ. ಇನ್ನು ವಿಸಿಆರ್ ತಯಾರು ಮಾಡ್ತಿದ್ದ ಕೊನೇ ಕಂಪನಿ, ಜಪಾನಿನ ಫುನಾಯ್, 2016ರಲ್ಲೇ ನಿಲ್ಸಿಬಿಡ್ತು, ಈಗ ಇರೋ ಹಳೇ ಮಷೀನು, ಅದನ್ನ ರಿಪೇರಿ ಮಾಡೋ ಕೈಗಳು ಇರೋವರೆಗೆ ಮಾತ್ರ ಈ ಕೆಲಸ ಆಗತ್ತೆ. ಒಂದು ಗಂಟೆ ಟೇಪ್ ಕಂಪ್ಯೂಟರ್‌ಗೆ ಏರಿಸೋಕೆ ಒಂದು ಗಂಟೆ ಬೇಕೇ ಬೇಕು, ಬೇಗ ಮಾಡೋ ದಾರಿ ಇಲ್ಲ. ಮಿನಿ ಡಿವಿ, ಅಂದ್ರೆ ಸಣ್ಣ ಡಿಜಿಟಲ್ ಟೇಪ್ ಆದ್ರೆ ಗಂಟೆಗೆ 13 ಜಿಬಿ ಹತ್ರ ಜಾಗ, ಈಗಿನ ಹಾರ್ಡ್ ಡಿಸ್ಕ್ ಬೆಲೆಗೆ ಅದು ದೊಡ್ಡ ವಿಷಯ ಅಲ್ಲ. ಬೇಕಾಗಿರೋದು ಜಾಗ, ಜನ, ಒಂದು ಆದೇಶ.

ಒಂದು ಕಚೇರೀಲಿ ವಿಚಾರಿಸಿದಾಗ ಖಾಸಗಿ ಚಾನೆಲ್ ಕ್ಯಾಸೆಟ್ ನಾವ್ಯಾಕೆ ಇಟ್ಕೋಬೇಕು ಅಂದ್ರು. ಖಾಸಗಿ ಹೌದು, ಅವ್ರು ಯಾರ ಹತ್ರಾನೂ ಅನುದಾನ ಕೇಳ್ಲಿಲ್ಲ. ಆದ್ರೆ ಒಳಗಿರೋ ನೀರು, ನಾಲೆ, ರಸ್ತೆ, ಜನ ಎಲ್ಲಾ ಜಿಲ್ಲೇದಲ್ವಾ ಸಾರ್? ಮನೆಯವ್ರು ಒಂದು ಪೈಸೆ ಕೇಳ್ತಿಲ್ಲ, ಬರೆದು ಕೊಡೋಕೂ ರೆಡಿ ಇದಾರೆ. ಅಮ್ಮ ಹೇಳಿದ್ದಿಷ್ಟೇ, "ಇವ್ರ ಜೀವ ಈ ಬೀರುವಲ್ಲೇ ಇತ್ತು ಕಣಮ್ಮ, ಮಳೆ ನೀರು ಬೀಳ್ದಿರೋ ಕಡೆ ಇಡ್ಸು ಸಾಕು."

ಹಾಗಾಗಿ ನಮ್ಮ ಬೇಡಿಕೆ ಇದು. ಮಳೆಗಾಲ ಶುರುವಾಗೋಕೆ ಮೊದಲು ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲೋ ಬೇರೆ ಯಾವ್ದಾದ್ರೂ ಸರ್ಕಾರಿ ಕಟ್ಟಡದಲ್ಲೋ ತೇವ ಇಲ್ದೇ ಇರೋ ಒಂದು ರೂಮು ಕೊಡಿ. ರಾಜ್ಯ ಪತ್ರಾಗಾರ ಇಲಾಖೆಯೋರಿಗೆ ಒಂದು ಪತ್ರ ಬರ್ದು ಹಳೇ ದಾಖಲೆ ನೋಡ್ಕೊಳ್ಳೋದು ಗೊತ್ತಿರೋರನ್ನ ಒಂದ್ಸಲ ಕಳ್ಸೋಕೆ ಹೇಳಿ, ಯಾವ ಟೇಪ್ ಮೊದಲು ಅಂತ ಅವ್ರು ಹೇಳ್ಲಿ. ಕಾರ್ಗಿಲ್ ಬುಲೆಟಿನ್‌ಗಳು, ಸಮ್ಮೇಳನ, ಸೋಬಾನೆ ಅಜ್ಜಿಯರು, ನಾಲೆ ಟೇಪು, ಇಷ್ಟು ಮೊದಲಾದ್ರೆ ನಮಗೆ ಜೀವ ಬಂದಂಗಾಗತ್ತೆ. ಲಾಗ್ ಪುಸ್ತಕ ಓದಿ ಪಟ್ಟಿ ಮಾಡೋಕೆ ಅವರ ಹತ್ರ ಕೆಲಸ ಕಲಿತ ನಾವೊಂದಷ್ಟು ಜನ ಇದೀವಿ, ಒಬ್ರು ಮದುವೆ ಸ್ಟುಡಿಯೋ ನಡೆಸ್ತಾರೆ, ಒಬ್ರು ಕೇಬಲ್ ಆಪರೇಟರ್, ಭಾನುವಾರ ಎಲ್ಲರೂ ಬರ್ತೀವಿ, ಸಂಬಳ ಬೇಡ. ಮಂಡ್ಯದ ಜನಾನೂ ಕೇಳ್ಕೋತೀನಿ, ನಿಮ್ಮ ಮನೆ ಅಟ್ಟದಲ್ಲಿ ಕೆಲಸ ಮಾಡೋ ವಿಸಿಆರ್ ಇದ್ರೆ ಎಸೀಬೇಡಿ, ನಮಗೆ ಕೊಡಿ.

ಯಾವ ರೂಮು, ಯಾವತ್ತು ಅಂತ ಹೇಳಿ ಸಾರ್, ಬೀರು ಸಮೇತ ನಾವೇ ತಂದು ಇಳಿಸ್ತೀವಿ.

ಇಂತಿ,
ಮಿಲ್ಟ್ರಿ ಸಾರ್ ಚಾನೆಲ್‌ನಲ್ಲಿ ಸುದ್ದಿ ಓದ್ತಿದ್ದ ಮೇಡಂ,
ಮಂಡ್ಯ